ಆಫೀಸಿಗೆ ಕಾನೂನಿನ ಕಾವಲು, ಮನೆಗೆ ಟು-ಲೆಟ್ ಬೋರ್ಡು

2024ರ ಜುಲೈ 16ರಂದು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠ ಬೈಜೂಸ್‌ನ ಮಾತೃಸಂಸ್ಥೆಯಾದ ಥಿಂಕ್ ಅಂಡ್ ಲರ್ನ್ ವಿರುದ್ಧ ದಿವಾಳಿ ಪ್ರಕ್ರಿಯೆ ಆರಂಭಿಸಲು ಆದೇಶಿಸಿತು. ಅರ್ಜಿ ಹಾಕಿದ್ದು ಕ್ರಿಕೆಟ್ ಮಂಡಳಿ, ಬಾಕಿ ಸುಮಾರು 158 ಕೋಟಿ ರೂಪಾಯಿ. ಪ್ರಕರಣ ಆಮೇಲೆ ಮೇಲ್ಮನವಿ ನ್ಯಾಯಮಂಡಳಿ, ಸುಪ್ರೀಂ ಕೋರ್ಟು ಎಂದು ಮೆಟ್ಟಿಲು ಹತ್ತಿ ಇಳಿದದ್ದು ಬೇರೆಯದೇ ಕಥೆ. ನನಗಿಲ್ಲಿ ಬೇಕಿರುವುದು ಇಂಥ ಆದೇಶದ ಬೆನ್ನಿಗೇ ಬರುವ ಮೊರಟೋರಿಯಂ. 2016ರ ದಿವಾಳಿ ಸಂಹಿತೆಯ 14ನೇ ಸೆಕ್ಷನ್ ಪ್ರಕಾರ, ಅರ್ಜಿ ಅಂಗೀಕಾರವಾದ ದಿನದಿಂದ ಕಂಪನಿಯ ಮೇಲೆ ಹೊಸ ದಾವೆ ಹೂಡುವಂತಿಲ್ಲ, ಹಳೆಯದನ್ನು ಮುಂದುವರಿಸುವಂತಿಲ್ಲ, ಅಡಮಾನದ ಆಸ್ತಿಯನ್ನು ಬ್ಯಾಂಕು ಮುಟ್ಟುವಂತಿಲ್ಲ. ಅದೇ ಸೆಕ್ಷನ್ನಿನಲ್ಲಿ ಇನ್ನೊಂದು ಮಾತಿದೆ. ಕಂಪನಿ ಬಾಡಿಗೆಗೆ ಹಿಡಿದಿರುವ ಕಟ್ಟಡವನ್ನು ಆ ಅವಧಿಯಲ್ಲಿ ಮಾಲೀಕ ವಾಪಸು ಪಡೆಯುವಂತಿಲ್ಲ.

ಅಂದರೆ ಮುಳುಗುತ್ತಿರುವ ಕಂಪನಿಯ ಆಫೀಸಿನ ಮಾಲೀಕ ಕೈಕಟ್ಟಿ ಕೂರಬೇಕು. ಆ ಆಫೀಸಿನಲ್ಲಿ ಕೂತು ದುಡಿಯುತ್ತಿದ್ದವನನ್ನು ನೋಡಿ. ಬಿಟಿಎಂ ಲೇಔಟಿನಲ್ಲೋ ಮಹದೇವಪುರದಲ್ಲೋ ಎರಡು ರೂಮಿನ ಮನೆ, ಹೆಂಡತಿ, ಶಾಲೆಗೆ ಹೋಗುವ ಮಗು, ಮೂರು ತರದ ಇಎಂಐ. ಕೆಲಸ ಹೋದ ಎರಡನೇ ತಿಂಗಳು ಮನೆ ಓನರ್ ಮೆಟ್ಟಿಲ ಬಳಿ ನಿಲ್ಲಿಸಿ, ‘ಏನಪ್ಪಾ, ಈ ತಿಂಗಳದ್ದು ಇನ್ನೂ ಬರ್ಲಿಲ್ವಲ್ಲ’ ಅನ್ನುತ್ತಾರೆ. ಅವರ ಮಾತಿಗೆ ತಡೆ ಕೊಡುವ ನ್ಯಾಯಮಂಡಳಿ ಯಾವುದೂ ಇಲ್ಲ. ಕಂಪನಿಗೆ ಉಸಿರು ತಿರುಗಿಸಿಕೊಳ್ಳಲು 180 ದಿನ, ವ್ಯಾಜ್ಯವೆಲ್ಲ ಸೇರಿ 330 ದಿನ. ಅದರ ನೌಕರನಿಗೆ ಮುಂದಿನ ತಿಂಗಳ ಐದನೇ ತಾರೀಖಿನವರೆಗೆ.

ಈ ಬಿಡುವನ್ನು ಕಾನೂನು ಕೊಡದಿದ್ದ ಮೇಲೆ ಬಾಡಿಗೆದಾರ ಅದನ್ನು ತಾನೇ ಹುಟ್ಟಿಸಿಕೊಳ್ಳಬೇಕು, ಅದೂ ಕೆಲಸ ಹೋದ ಮೊದಲ ಹದಿನೈದು ದಿನದಲ್ಲೇ. ಯಾವ ದುಡ್ಡು ಕೊಡುವುದು, ಯಾವುದನ್ನು ನಿಲ್ಲಿಸುವುದು ಎಂಬುದರಲ್ಲೇ ಆ ಬಿಡುವು ಇರುವುದು. ಮೊದಲು ಮನೆ, ಕೊನೆಗೆ ಕಾರ್ಡು ಎಂದಿರಬೇಕಾದ ಸರದಿಯನ್ನು ನಮ್ಮಲ್ಲಿ ಬಹಳ ಜನ ತಲೆಕೆಳಗು ಮಾಡುತ್ತಾರೆ: ಮೊದಲು ಕ್ರೆಡಿಟ್ ಕಾರ್ಡು, ಆಮೇಲೆ ಪರ್ಸನಲ್ ಲೋನು, ಕೊನೆಗೆ ಮನೆ.

ಹಾಗಾದರೆ ಮನುಷ್ಯರಿಗೆ ದಿವಾಳಿ ಕಾನೂನೇ ಇಲ್ಲವೇ? ಇದೆ. ಒಂದಲ್ಲ, ಎರಡಿವೆ. ಹೊಸದು ಜಾರಿಗೆ ಬಂದಿಲ್ಲ, ಹಳೆಯದು ಕೆಲಸಕ್ಕೆ ಬರುವುದಿಲ್ಲ.

ಹೊಸದು ಅದೇ 2016ರ ಸಂಹಿತೆಯ ಮೂರನೇ ಭಾಗ. ವ್ಯಕ್ತಿಗಳ ದಿವಾಳಿತನವನ್ನು ಸಾಲ ವಸೂಲಾತಿ ನ್ಯಾಯಮಂಡಳಿಗಳ ಮುಂದೆ ಇತ್ಯರ್ಥ ಮಾಡಬೇಕು ಎಂದು ಅದು ಹೇಳುತ್ತದೆ. ಆದರೆ ಅದು ಜಾರಿಯಾಗಿರುವುದು ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರ ಮಟ್ಟಿಗೆ ಮಾತ್ರ, 2019ರ ಡಿಸೆಂಬರ್ 1ರಿಂದ. ಸಂಬಳದಾರನಿಗೆ, ಅಂಗಡಿಯವನಿಗೆ, ಆಟೋ ಓಡಿಸುವವನಿಗೆ ಅದು ಇನ್ನೂ ಪುಸ್ತಕದಲ್ಲೇ ಇದೆ. ಆ ಪುಸ್ತಕದಲ್ಲಿ ಬಡ ಸಾಲಗಾರರಿಗೆಂದು ‘ಹೊಸ ಆರಂಭ’ ಎಂಬ ಅಧ್ಯಾಯವೂ ಉಂಟು. ವರ್ಷದ ವರಮಾನ 60,000 ರೂಪಾಯಿ ಮೀರಿರಬಾರದು, ಆಸ್ತಿ 20,000 ಮೀರಿರಬಾರದು, ಮನ್ನಾಕ್ಕೆ ಅರ್ಹವಾದ ಸಾಲ 35,000 ಮೀರಿರಬಾರದು. ಜೊತೆಗೆ ಸ್ವಂತ ಮನೆ ಇರಬಾರದು, ಅಡಮಾನದಲ್ಲಿದ್ದರೂ ಇರಬಾರದು. ಬಾಡಿಗೆ ಮನೆಯವರನ್ನೇ ಕಣ್ಣೆದುರು ಇಟ್ಟುಕೊಂಡು ಬರೆದಂತಿದೆ. ಆದರೆ ಓನರ್ ಕೈಯಲ್ಲಿರುವ ಅಡ್ವಾನ್ಸನ್ನು ಆಸ್ತಿಯೆಂದು ಎಣಿಸಿದರೆ ಬೆಂಗಳೂರಿನ ಒಬ್ಬ ಬಾಡಿಗೆದಾರನೂ ಈ ಬಾಗಿಲಲ್ಲಿ ತೂರಲಾರ. 20,000 ರೂಪಾಯಿ ಅಡ್ವಾನ್ಸಿಗೆ ಮನೆ ಕೊಡುವ ಓನರ್ ಎಲ್ಲಿದ್ದಾರೆ?

ಹಳೆಯದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. ವ್ಯಾಪಾರಿಗಳ ಬಾಯಲ್ಲಿ ‘ಐ.ಪಿ. ಹಾಕಿಬಿಟ್ಟ’ ಎಂದು ಕೇಳಿಬರುವುದು ಇದರಡಿ ಹಾಕುವ ಅರ್ಜಿಯನ್ನೇ. ಅದರ ಮೊತ್ತಗಳು ನೂರು ವರ್ಷದ ಹಿಂದಿನವು. 500 ರೂಪಾಯಿ ಸಾಲವಿದ್ದರೆ ದಿವಾಳಿ ಅರ್ಜಿ ಹಾಕಬಹುದು. ದಿವಾಳಿ ಎಂದು ಘೋಷಿತನಾದವನು ಆ ಸಂಗತಿ ತಿಳಿಸದೆ ಯಾರಿಂದಲಾದರೂ 50 ರೂಪಾಯಿ ಸಾಲ ಪಡೆದರೆ ಆರು ತಿಂಗಳವರೆಗೆ ಜೈಲು. ಸಾಲದಿಂದ ಪೂರ್ತಿ ಬಿಡುಗಡೆ ಬೇಕೆಂದರೆ ಅವನ ಆಸ್ತಿ ಸಾಲದ ಪ್ರತಿ ರೂಪಾಯಿಗೆ ಎಂಟಾಣೆಯಷ್ಟಾದರೂ ಇರಬೇಕು. ಇಲ್ಲದಿದ್ದರೆ ತನ್ನ ತಪ್ಪಿಲ್ಲದೆ ಹೀಗಾಯಿತೆಂದು ನ್ಯಾಯಾಲಯಕ್ಕೆ ಮನವರಿಕೆ ಮಾಡಿಕೊಡಬೇಕು. ಅಷ್ಟರಲ್ಲಿ ಆಸ್ತಿಯೆಲ್ಲ ನ್ಯಾಯಾಲಯದ ಅಥವಾ ಅದು ನೇಮಿಸಿದ ರಿಸೀವರ್ ವಶವಾಗಿರುತ್ತದೆ. ಆಸ್ತಿ ಇದ್ದು, ಸಾಲ ಕೊಟ್ಟವರು ಹತ್ತು ದಿಕ್ಕಿನಿಂದ ಎಳೆಯುತ್ತಿರುವ ವ್ಯಾಪಾರಿಗೆ ಇದರಿಂದ ಒಂದಿಷ್ಟು ರಕ್ಷಣೆ ಸಿಗಬಹುದು. ಸಂಬಳ ನಿಂತುಹೋದ ಬಾಡಿಗೆದಾರ ವಕೀಲರ ಫೀಜು ತೆತ್ತು, ವರ್ಷಗಟ್ಟಲೆ ಅಲೆದು ಪಡೆಯುವಂಥದ್ದು ಇದರಲ್ಲಿ ಏನೂ ಇಲ್ಲವೆಂದೇ ನನ್ನ ಅಭಿಪ್ರಾಯ.

ಬೆಂಗಳೂರಿನ ಅತಿ ಪ್ರಸಿದ್ಧ ವೈಯಕ್ತಿಕ ದಿವಾಳಿ ಘೋಷಣೆ ಬೆಂಗಳೂರಿನಲ್ಲಿ ಆದದ್ದೂ ಅಲ್ಲ. ವಿಜಯ್ ಮಲ್ಯ ಅವರನ್ನು ದಿವಾಳಿಯೆಂದು 2021ರ ಜುಲೈ 26ರಂದು ಘೋಷಿಸಿದ್ದು ಲಂಡನ್ನಿನ ಹೈಕೋರ್ಟು. ಅದೇ ವರ್ಷದ ಮೇ ತಿಂಗಳಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸಾಮಾನ್ಯ ಸಾಲಗಾರರಿಗೂ ಒಂದು ವ್ಯವಸ್ಥೆ ಬಂತು. ಸಾಲ ಸಲಹೆಗಾರರ ಮೂಲಕ ಅರ್ಜಿ ಹಾಕಿದರೆ 60 ದಿನ ಬಡ್ಡಿ, ದಂಡ, ವಸೂಲಿ ಎಲ್ಲಕ್ಕೂ ತಡೆ, ಬಾಡಿಗೆ ಬಾಕಿಯ ವಸೂಲಿಗೂ ಸಹ. ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಕಂಡದ್ದು ಕೊರೊನಾ ಕಾಲದಲ್ಲಿ. 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಆರು ತಿಂಗಳು ಇಎಂಐಗೆ ರಿಸರ್ವ್ ಬ್ಯಾಂಕ್ ಮೊರಟೋರಿಯಂ ಕೊಟ್ಟಿತು. ಬಾಡಿಗೆ ವಿಷಯದಲ್ಲಿ ಬಂದದ್ದು ಮಾರ್ಚ್ 29ರ ಕೇಂದ್ರ ಗೃಹ ಇಲಾಖೆಯ ಒಂದು ಆದೇಶ: ವಲಸೆ ಕಾರ್ಮಿಕರೂ ಸೇರಿದಂತೆ ಕೂಲಿಗಾರರಿಂದ ಒಂದು ತಿಂಗಳ ಬಾಡಿಗೆ ಕೇಳಬೇಡಿ ಎಂದು. ಬ್ಯಾಂಕಿನ ಸಾಲಕ್ಕೆ ಆರು ತಿಂಗಳು, ತಲೆಯ ಮೇಲಿನ ಸೂರಿಗೆ ಒಂದು.

ಈಗ ಒಂದು ಲೆಕ್ಕ ಹಾಕೋಣ. ಅಂಕಿಗಳು ಕಲ್ಪಿತವೇ, ಆದರೆ ಬೆಂಗಳೂರಿನ ಯಾವ ಬಡಾವಣೆಯಲ್ಲೂ ಇಂಥ ಮನೆ ಸಿಕ್ಕೀತು. ಬಾಡಿಗೆ 22,000. ಅಡ್ವಾನ್ಸ್ 2 ಲಕ್ಷ. ಊಟ, ಶಾಲೆ, ಗ್ಯಾಸು, ಕರೆಂಟು, ಔಷಧಿ ಸೇರಿ 25,000. ಪರ್ಸನಲ್ ಲೋನ್, ಕಾರ್ಡು, ಬೈಕು ಎಲ್ಲ ಸೇರಿ ಇಎಂಐ 28,000. ತಿಂಗಳಿಗೆ ಒಟ್ಟು 75,000 ಆಯಿತು. ಕೈಯಲ್ಲಿರುವುದು 2,25,000.

ಎಲ್ಲವನ್ನೂ ಮೊದಲಿನ ಹಾಗೇ ಕಟ್ಟುತ್ತ ಹೋದರೆ ಮೂರು ತಿಂಗಳಿಗೆ ಕೈ ಬರಿದು. ಇಎಂಐ ನಿಲ್ಲಿಸಿ ಮನೆ ಮಾತ್ರ ನಡೆಸಿದರೆ ಐದು ತಿಂಗಳ ಹತ್ತಿರ ಬರುತ್ತದೆ. ಇಎಂಐ ನಿಲ್ಲಿಸಿದ್ದಲ್ಲದೆ ಮೊದಲ ತಿಂಗಳ ಕೊನೆಗೇ 12,000 ಬಾಡಿಗೆಯ ಮನೆಗೆ ಹೋದರೆ? ಪೇಂಟಿಂಗ್ ಎಂದು ಓನರ್ ಒಂದು ತಿಂಗಳ ಬಾಡಿಗೆ ಹಿಡಿದರೂ ಹಳೆ ಅಡ್ವಾನ್ಸಿನಲ್ಲಿ 1,78,000 ವಾಪಸು. ಹೊಸ ಮನೆಗೆ ಅಡ್ವಾನ್ಸ್ 80,000, ಬ್ರೋಕರಿಗೆ ಒಂದು ತಿಂಗಳ ಬಾಡಿಗೆ, ಸಾಮಾನು ಸಾಗಿಸುವ ಟೆಂಪೋ, ಸಣ್ಣಪುಟ್ಟ ಖರ್ಚು ಎಲ್ಲ ಕಳೆದರೂ 73,000 ಕೈಗೆ ಹತ್ತುತ್ತದೆ. ಹೊಸ ಮನೆಯಲ್ಲಿ ತಿಂಗಳ ಖರ್ಚು 37,000. ಹೀಗೆ ಏಳೂವರೆ ತಿಂಗಳು ದಾಟಿ ಹೋಗಬಹುದು. ಅದೇ ಮನುಷ್ಯ, ಅದೇ ಉಳಿತಾಯ, ಮೂರು ತಿಂಗಳಿದ್ದದ್ದು ಏಳೂವರೆಯಾಯಿತು. ಕೆಲಸ ಹುಡುಕುವವನಿಗೆ ಇವೆರಡರ ನಡುವಿನ ಅಂತರ ಬಹಳ ದೊಡ್ಡದು.

ವಾಸ್ತವದಲ್ಲಿ ಆಗುವುದೇ ಬೇರೆ. ‘ಇನ್ನೊಂದು ತಿಂಗಳಲ್ಲಿ ಕೆಲಸ ಸಿಗತ್ತೆ’ ಎಂದುಕೊಂಡೇ ಮೂರು ತಿಂಗಳು ಕಳೆಯುತ್ತದೆ. ಸಿಬಿಲ್ ಸ್ಕೋರ್ ಹಾಳಾಗಬಾರದೆಂದು ಇಎಂಐ ಕಟ್ಟಿರುತ್ತಾರೆ, ಇಎಂಐ ಕಟ್ಟಲು ಲೋನ್ ಆ್ಯಪಿನಲ್ಲಿ ಸಾಲ ಎತ್ತಿರುತ್ತಾರೆ, ಹೆಂಡತಿಯ ಬಳೆ ಗಿರವಿ ಅಂಗಡಿ ಸೇರಿರುತ್ತದೆ. ಬಾಡಿಗೆ ಮಾತ್ರ ‘ಅಡ್ವಾನ್ಸಲ್ಲಿ ಮುರ್ಕೊಳ್ಳಿ ಸಾರ್’ ಎಂದು ಮುಂದೆ ಹೋಗುತ್ತಿರುತ್ತದೆ. ಮನೆ ಬಿಡುವ ದಿನ ಬಂದಾಗ ಇನ್ನೊಂದು ಮನೆಗೆ ಕೊಡಲು ಅಡ್ವಾನ್ಸೇ ಉಳಿದಿರುವುದಿಲ್ಲ. ಇಡೀ ಕುಟುಂಬದ ಬಳಿ ಒಟ್ಟಾಗಿ ಇದ್ದ ದೊಡ್ಡ ಮೊತ್ತ ಅದೊಂದೇ. ಅದು ತಿಂಗಳಿಗಿಷ್ಟು ಕರಗಿ ಹೋಗುವಾಗ ಯಾರಿಗೂ ನೋವಾಗುವುದಿಲ್ಲ, ಏಕೆಂದರೆ ಅದು ಕಣ್ಣಿಗೆ ಕಾಣುವ ದುಡ್ಡಲ್ಲ.

‘ಇಎಂಐ ನಿಲ್ಲಿಸಿ’ ಎಂದು ಇಷ್ಟು ಸಲೀಸಾಗಿ ಬರೆಯುತ್ತೀರಲ್ಲ, ಎಂದು ಕೇಳುವವರಿರುತ್ತಾರೆ. ಸಲೀಸಲ್ಲ. 90 ದಿನ ಕಟ್ಟದಿದ್ದರೆ ಸಾಲ ಎನ್‌ಪಿಎ, ಅಂದರೆ ವಸೂಲಾಗದ ಸಾಲಗಳ ಪಟ್ಟಿಗೆ ಹೋಗುತ್ತದೆ. ಸ್ಕೋರು ಬೀಳುತ್ತದೆ. ಮುಂದೆ ಕಡಿಮೆ ಮೊತ್ತಕ್ಕೆ ಸೆಟಲ್‌ಮೆಂಟ್ ಮಾಡಿಕೊಂಡರೆ ಆ ಮಾತು ವರದಿಯಲ್ಲಿ ಏಳು ವರ್ಷ ಉಳಿಯುತ್ತದೆ. ಹಾಗೆಂದು ಎಲ್ಲ ಸಾಲವೂ ಒಂದೇ ರೀತಿ ಕಚ್ಚುವುದಿಲ್ಲ. ಯಾವುದು ಎಷ್ಟು ಕಚ್ಚುತ್ತದೆ ಎಂಬುದನ್ನು ತಿಳಿದು ಸರದಿ ಕಟ್ಟಬೇಕು.

ಎಲ್ಲಕ್ಕಿಂತ ಅಪಾಯದ್ದು ಚೆಕ್ಕು. ಪರಿಚಯದವರಲ್ಲಿ ಕೈಸಾಲ ತೆಗೆದುಕೊಳ್ಳುವಾಗ ‘ಸೆಕ್ಯೂರಿಟಿಗೆ ಇರಲಿ’ ಎಂದು ಕೊಟ್ಟ ಖಾಲಿ ಚೆಕ್ಕು ಬೌನ್ಸ್ ಆದರೆ ಅದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ನಿನ ಅಪರಾಧ. ಎರಡು ವರ್ಷದವರೆಗೆ ಜೈಲು, ಮೊತ್ತದ ಎರಡು ಪಟ್ಟುವರೆಗೆ ದಂಡ. ನೋಟಿಸು ಕೈಸೇರಿದ ಮೇಲೆ ಹಣ ಕಟ್ಟಲು ಇರುವುದು 15 ದಿನ. ಬ್ಯಾಂಕಿನಿಂದ ತಾನಾಗಿ ಕಡಿತವಾಗುವ ಇಎಂಐ ಕೂಡ ಖಾತೆಯಲ್ಲಿ ಹಣವಿಲ್ಲದೆ ವಾಪಸಾದರೆ 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯ 25ನೇ ಸೆಕ್ಷನ್ ಬಹುತೇಕ ಅದೇ ಶಿಕ್ಷೆ ಹೇಳುತ್ತದೆ. ಇದು ಗೊತ್ತಿರುವವರು ಕಡಿಮೆ. ಆದ್ದರಿಂದ ಸುಮ್ಮನೆ ಬೌನ್ಸ್ ಆಗಲು ಬಿಡುವುದಲ್ಲ. ಕಂತಿನ ದಿನಕ್ಕೆ ಮೊದಲೇ ಬ್ಯಾಂಕಿಗೆ ಲಿಖಿತವಾಗಿ ತಿಳಿಸಬೇಕು: ಇಂಥ ದಿನ ಕೆಲಸ ಹೋಗಿದೆ, ಕಂತು ಇಳಿಸಿ ಅವಧಿ ಹೆಚ್ಚಿಸಿ ಎಂದು. ರಿಲೀವಿಂಗ್ ಲೆಟರಿನ ಪ್ರತಿ ಜೊತೆಗಿರಲಿ. ಅವರು ಒಪ್ಪದಿದ್ದರೂ ಆ ಪತ್ರ ಮುಂದೆ ನಿಮ್ಮ ಪರ ಮಾತಾಡುತ್ತದೆ.

ಎರಡನೆಯದು ಜಾಮೀನು. ಸಾಲಕ್ಕೆ ಅಪ್ಪನೋ ಭಾವನೋ ಸಹಿ ಹಾಕಿದ್ದರೆ ಬ್ಯಾಂಕು ನೇರವಾಗಿ ಅವರ ಮನೆ ಬಾಗಿಲಿಗೇ ಹೋಗಬಹುದು. ಜಾಮೀನುದಾರನ ಹೊಣೆ ಸಾಲಗಾರನಷ್ಟೇ ಎಂದು 1872ರ ಕರಾರು ಕಾಯ್ದೆ ಹೇಳುತ್ತದೆ. ಇಂಥ ಸಾಲಕ್ಕೆ ಕೊನೆಯವರೆಗೂ ಏನಾದರೂ ಕಟ್ಟುತ್ತಿರುವುದು ಮಾನವಂತರ ದಾರಿ. ಬೈಕು, ಚಿನ್ನ ಅಡವಿಟ್ಟ ಸಾಲದ ಲೆಕ್ಕ ಸರಳ, ಕಟ್ಟದಿದ್ದರೆ ಆ ವಸ್ತು ಹೋಗುತ್ತದೆ. ಡೆಲಿವರಿ ಕೆಲಸಕ್ಕಾದರೂ ಬೈಕು ಬೇಕೆಂದಿದ್ದರೆ ಅದನ್ನು ಉಳಿಸಿಕೊಳ್ಳಿ.

ಸರದಿಯ ಕೊನೆಗೆ ಕ್ರೆಡಿಟ್ ಕಾರ್ಡು, ಪರ್ಸನಲ್ ಲೋನು, ಆ್ಯಪಿನ ಸಾಲ. ಅತಿ ಹೆಚ್ಚು ಫೋನು ಬರುವುದು ಇವರಿಂದಲೇ. ಜೋರು ಮಾಡುವವರಿಗೆ ಮೊದಲು ಕೊಡುವುದು ಮನುಷ್ಯ ಸ್ವಭಾವ, ಆದರೆ ಜೋರು ಮಾಡುವವರ ಕೈಯಲ್ಲಿ ಇರುವುದು ಬಹುಪಾಲು ಸಿವಿಲ್ ದಾವೆ ಮಾತ್ರ. ಸಾಲ ತೀರಿಸಲು ಆಗದ ಒಂದೇ ಕಾರಣಕ್ಕೆ ಜೈಲಿಗೆ ಹಾಕುವಂತಿಲ್ಲ ಎಂದು 1980ರಲ್ಲೇ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ತೀರ್ಪು ಬರೆದವರು ನ್ಯಾಯಮೂರ್ತಿ ಕೃಷ್ಣ ಅಯ್ಯರ್. ಹಣವಿದ್ದೂ ಮುಚ್ಚಿಟ್ಟವನ, ಮೋಸ ಮಾಡಿದವನ ವಿಷಯ ಬೇರೆ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿ ಏಜೆಂಟರು ಫೋನು ಮಾಡುವಂತಿಲ್ಲವೆಂದು 2022ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿದೆ. 2025ರ ಆರಂಭದಲ್ಲಿ ಸಣ್ಣ ಸಾಲದ ಕಿರುಕುಳಕ್ಕೆ ಹೆದರಿ ಚಾಮರಾಜನಗರ ಮೊದಲಾದ ಕಡೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ಬಂದ ಮೇಲೆ ರಾಜ್ಯ ಸರ್ಕಾರವೂ ಬಲವಂತದ ವಸೂಲಿಯ ವಿರುದ್ಧ ಕಾನೂನು ತಂದಿತು. ಸುತ್ತೋಲೆ, ಕಾನೂನು ಇದ್ದಮಾತ್ರಕ್ಕೆ ಫೋನು ನಿಲ್ಲುವುದಿಲ್ಲ, ನಿಜ. ಕರೆಯನ್ನು ರೆಕಾರ್ಡ್ ಮಾಡಿ ದೂರು ಕೊಟ್ಟವರಿಗೆ ಮಾತ್ರ ಅದು ಆಯುಧ.

ಒಂದು ವೇಳೆ ದಾವೆ ಹೂಡಿ ಡಿಕ್ರಿಯನ್ನೂ ಪಡೆದರು ಎನ್ನಿ. ಆಗಲೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್ ಕೆಲವನ್ನು ಮುಟ್ಟಲು ಬಿಡುವುದಿಲ್ಲ. ಉಟ್ಟ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಸಂಪ್ರದಾಯದ ಪ್ರಕಾರ ಹೆಂಗಸು ಮೈಮೇಲಿಂದ ತೆಗೆಯಬಾರದ ಒಡವೆ, ಕಸುಬಿನ ಸಲಕರಣೆ. ಹೊಸ ಕೆಲಸ ಸಿಕ್ಕರೂ ಸಂಬಳದ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರರಲ್ಲಿ ಎರಡು ಪಾಲನ್ನು ಜಪ್ತಿ ಮಾಡುವಂತಿಲ್ಲ. ಭವಿಷ್ಯನಿಧಿ, ಗ್ರಾಚ್ಯುಟಿಗಳಿಗೆ ಅವುಗಳದೇ ಕಾಯ್ದೆಗಳ ರಕ್ಷಣೆಯಿದೆ.

ಪಿಎಫ್ ವಿಷಯದಲ್ಲಿ ನಾನು ತುಸು ಹಟಮಾರಿ. ಕೆಲಸ ಹೋದವರು ಅದರ ಮುಕ್ಕಾಲು ಪಾಲು ತೆಗೆಯಬಹುದು, ಉಳಿದ ಕಾಲು ಪಾಲಿಗೆ ಕಾಯಬೇಕು. ತೆಗೆದು ಬಾಡಿಗೆ ಕಟ್ಟಿದರೆ, ಮಗುವಿನ ಫೀಜು ಕಟ್ಟಿದರೆ ತಪ್ಪಿಲ್ಲ. ಆದರೆ ಬಹಳ ಜನ ಅದನ್ನು ತೆಗೆದು ಕಾರ್ಡಿನ ಬಾಕಿಗೆ ಸುರಿಯುತ್ತಾರೆ. ಸಾಲ ಕೊಟ್ಟ ಯಾವನೂ ಕೋರ್ಟಿನ ಮೂಲಕ ಮುಟ್ಟಲಾಗದ ಹಣವನ್ನು ತಾವಾಗಿಯೇ ಹೊರತಂದು ಅವನ ಕೈಗೆ ಕೊಡುವುದು ಯಾವ ಲೆಕ್ಕ? ಇನ್ನೊಂದು ಸಂಗತಿ. ಸಾಲ ಕೊಟ್ಟ ಬ್ಯಾಂಕಿನಲ್ಲೇ ನಿಮ್ಮ ಸಂಬಳದ ಖಾತೆಯೂ ಇದ್ದರೆ, ಅಲ್ಲಿರುವ ಹಣವನ್ನು ಬಾಕಿಗೆ ವಜಾ ಹಾಕಿಕೊಳ್ಳುವ ಹಕ್ಕು ಬ್ಯಾಂಕಿಗಿದೆ. ಬಾಡಿಗೆಗೆಂದು ಇಟ್ಟ ದುಡ್ಡು ಬೆಳಗಾಗುವುದರಲ್ಲಿ ಮಾಯವಾಗುವುದು ಹೀಗೆ. ಮನೆ ನಡೆಸುವ ಹಣ ಬೇರೆ ಬ್ಯಾಂಕಿನಲ್ಲಿರಲಿ. ಇಎಸ್ಐ ಕಟ್ಟುತ್ತಿದ್ದವರಿಗೆ ಅಟಲ್ ಬಿಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಎಂಬುದಿದೆ. 2018ರಲ್ಲಿ ಶುರುವಾಗಿ ಕಾಲಕಾಲಕ್ಕೆ ಮುಂದುವರಿಯುತ್ತ ಬಂದ ಇದರಲ್ಲಿ, ಕೆಲಸ ಕಳೆದುಕೊಂಡವರಿಗೆ ಸರಾಸರಿ ದಿನಗೂಲಿಯ ಅರ್ಧದಷ್ಟು ಗರಿಷ್ಠ 90 ದಿನ ಸಿಗುತ್ತದೆ. ಗಾರ್ಮೆಂಟ್ಸ್ ಕಾರ್ಖಾನೆಗಳ ಹೆಣ್ಣುಮಕ್ಕಳಲ್ಲಿ ಎಷ್ಟು ಜನಕ್ಕೆ ಇದನ್ನು ಯಾರಾದರೂ ಹೇಳಿದ್ದಾರೋ.

ಇನ್ನು ಮನೆ ಓನರ್ ವಿಷಯ. ಬಾಡಿಗೆದಾರರ ರಕ್ಷಣೆಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದೆಯಲ್ಲ ಎನ್ನುತ್ತಾರೆ. ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಸಣ್ಣ ಊರುಗಳಲ್ಲಿ 2,000 ರೂಪಾಯಿ ಬಾಡಿಗೆ ಮೀರಿದರೆ ಆ ಕಾಯ್ದೆ ಅನ್ವಯಿಸುವುದೇ ಇಲ್ಲ. ಹಾಗಾಗಿ ಹೆಚ್ಚಿನವರು 1882ರ ಆಸ್ತಿ ವರ್ಗಾವಣೆ ಕಾಯ್ದೆಯಡಿ ಬರುತ್ತಾರೆ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ತಿಂಗಳ ಬಾಡಿಗೆಯವರಿಗೆ 15 ದಿನದ ನೋಟಿಸು ಸಾಕು. ಆದರೆ ನೋಟಿಸು ಕೊಟ್ಟ ಮಾತ್ರಕ್ಕೆ ಸಾಮಾನು ಬೀದಿಗೆ ಎಸೆಯುವಂತಿಲ್ಲ, ಬೀಗ ಬದಲಿಸುವಂತಿಲ್ಲ. ನ್ಯಾಯಾಲಯಕ್ಕೇ ಹೋಗಬೇಕು. ಬಲವಂತವಾಗಿ ಹೊರಹಾಕಿದರೆ ಆರು ತಿಂಗಳೊಳಗೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ನಿನಡಿ ದಾವೆ ಹೂಡಿ ಮನೆಯ ಸ್ವಾಧೀನ ಮರಳಿ ಪಡೆಯಬಹುದು. ಬಾಡಿಗೆ ಕೊಡದಿರುವುದು ಪೊಲೀಸ್ ಕೇಸೂ ಅಲ್ಲ. ಅದು ಸಿವಿಲ್ ವಿಷಯ, ವಂಚನೆಯ ಅಪರಾಧವಾಗದು ಎಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಇದನ್ನೆಲ್ಲ ತಿಳಿದಿರಬೇಕು, ಆದರೆ ಓನರ್ ಮುಂದೆ ಇದನ್ನೇ ಮೊದಲ ಮಾತಾಗಿ ಆಡಬಾರದು. ನಮ್ಮ ಮನೆ ಓನರುಗಳಲ್ಲಿ ಬಹಳ ಮಂದಿ ನಿವೃತ್ತರು. ಕೆಳಗೆ ತಾವಿದ್ದು ಮೇಲಿನ ಎರಡು ಮನೆಯ ಬಾಡಿಗೆಯಲ್ಲಿ ಬದುಕುವವರು, ಆ ಮನೆ ಕಟ್ಟಿದ ಸಾಲದ ಕಂತನ್ನೂ ಅದರಲ್ಲೇ ಕಟ್ಟುವವರು. ಅವರ ಭಯ ಒಂದು ತಿಂಗಳ ಬಾಡಿಗೆ ತಪ್ಪುವುದಲ್ಲ. ‘ಇವನು ಖಾಲಿಯೂ ಮಾಡಲ್ಲ, ದುಡ್ಡೂ ಕೊಡಲ್ಲ’ ಎಂಬುದು. ಆ ಭಯ ಹೋದರೆ ಬಹಳಷ್ಟು ಜನ ಹೊಂದಿಕೊಳ್ಳುತ್ತಾರೆ. ಕೆಲಸ ಹೋದ ವಾರವೇ ಹೋಗಿ ಹೇಳಬೇಕು: ‘ಆಂಟಿ, ಕೆಲಸ ಹೋಯ್ತು. ಈ ತಿಂಗಳ ಬಾಡಿಗೆ ಕೊಟ್ಟಿರ್ತೀನಿ. ತಿಂಗಳ ಕೊನೆಗೆ ಮನೆ ಖಾಲಿ ಮಾಡ್ತೀವಿ. ಆವತ್ತೇ ಅಡ್ವಾನ್ಸ್ ಬೇಕಾಗತ್ತೆ, ಅದಕ್ಕೇ ಈಗ್ಲೇ ಹೇಳ್ತಿದೀನಿ.’ ಕರಾರಿನಲ್ಲಿ ಎರಡು ತಿಂಗಳ ನೋಟಿಸು ಎಂದಿದ್ದರೂ ಹೀಗೆ ಮುಂಚೆ ಬಾಯಿಬಿಟ್ಟವರಿಗೆ ಒಂದು ತಿಂಗಳು ಬಿಟ್ಟುಕೊಡುವವರು ಇದ್ದಾರೆ.

ಮುಂಚೆ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ನಿಮ್ಮ ಅಡ್ವಾನ್ಸ್ ಓನರ್ ಬಳಿ ಇರುವುದಿಲ್ಲ. ಅದು ಯಾವಾಗಲೋ ಮೇಲಿನ ಮಹಡಿಯ ಕಂಬಿಗೋ ಮಗಳ ಮದುವೆಗೋ ಖರ್ಚಾಗಿರುತ್ತದೆ. ಮುಂದಿನ ಬಾಡಿಗೆದಾರ ಕೊಡುವ ಅಡ್ವಾನ್ಸೇ ನಿಮಗೆ ವಾಪಸು ಬರುವ ಅಡ್ವಾನ್ಸ್. ಹಾಗಾಗಿ ಹೊಸಬರು ಬೇಗ ಸಿಗುವುದು ಓನರಿಗಿಂತ ನಿಮಗೆ ಹೆಚ್ಚು ಅಗತ್ಯ. ಟು-ಲೆಟ್ ಬೋರ್ಡು ಹಾಕಲು ಬಿಡಿ, ನೋಡಲು ಬಂದವರಿಗೆ ಬಾಗಿಲು ತೆರೆಯಿರಿ, ನೀರು ಚೆನ್ನಾಗಿ ಬರುತ್ತದೆಯಾದರೆ ಹಾಗೆಂದು ಹೇಳಿ. 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡ ಎನ್ನುತ್ತದೆ. ಕೇಂದ್ರದ ಆ ಮಾದರಿಯನ್ನು ರಾಜ್ಯಗಳು ಒಪ್ಪಿ ಕಾಯ್ದೆ ಮಾಡಿದರೆ ಮಾತ್ರ ಜಾರಿ. ಬೆಂಗಳೂರಿನ ಬಾಡಿಗೆ ಪೇಟೆಯಲ್ಲಿ ಅದರ ಸುಳಿವೂ ಇಲ್ಲ. ಐದು, ಎಂಟು, ಹತ್ತು ತಿಂಗಳ ಅಡ್ವಾನ್ಸಿನ ಪದ್ಧತಿಯೇ ಇಲ್ಲಿಯ ಬಾಡಿಗೆದಾರನನ್ನು ದೊಡ್ಡ ಮನೆಯಲ್ಲಿ ಕಟ್ಟಿಹಾಕುತ್ತದೆ, ಕೆಲಸ ಹೋದಾಗ ಅದೇ ಅವನ ಕೊನೆಯ ಗಂಟೂ ಆಗುತ್ತದೆ.

ಹೊಸ ಮನೆ ಹುಡುಕುವಾಗ ‘ಎಲ್ಲಿ ಕೆಲಸ?’ ಎಂಬ ಪ್ರಶ್ನೆ ಎದುರಾಗುತ್ತದೆ. ಹೆಂಡತಿಗೆ ಕೆಲಸವಿದ್ದರೆ ಅಗ್ರಿಮೆಂಟು ಅವರ ಹೆಸರಿಗೇ ಆಗಲಿ. ಒಂಟಿ ದುಡಿಮೆಯ ಮನೆಯಾದರೆ ಅಪಾರ್ಟ್‌ಮೆಂಟುಗಳನ್ನು ಬಿಟ್ಟು ಓನರ್ ಅಲ್ಲೇ ಇರುವ ಬಿಡಿ ಮನೆಗಳತ್ತ ಹೋಗುವುದು ಲೇಸು. ಅಲ್ಲಿ ಸ್ಯಾಲರಿ ಸ್ಲಿಪ್ಪಿಗಿಂತ ಮಾತಿಗೆ ಬೆಲೆ ಹೆಚ್ಚು.

ಲೀಸಿಗೆ ಇರುವವರ ಕಥೆ ಇನ್ನೊಂದು. ಎಂಟೋ ಹತ್ತೋ ಲಕ್ಷ ಒಟ್ಟಿಗೆ ಕೊಟ್ಟು ಮೂರು ವರ್ಷ ಬಾಡಿಗೆಯಿಲ್ಲದೆ ಇರುವ ಭೋಗ್ಯದ ಪದ್ಧತಿ ಕೆಲಸ ಹೋದಾಗ ವರದಂತೆ ಕಾಣುತ್ತದೆ. ತಿಂಗಳ ಬಾಡಿಗೆಯ ಚಿಂತೆಯಿಲ್ಲ. ಆದರೆ ಇಲ್ಲಿ ದಿವಾಳಿಯಾಗುವ ಸರದಿ ಓನರಿನದೂ ಆಗಬಹುದು. ಆ ಮನೆಯ ಮೇಲೆ ಅವರು ಮೊದಲೇ ಬ್ಯಾಂಕಿನ ಸಾಲ ಎತ್ತಿದ್ದು, ಕಂತು ಕಟ್ಟದೆ ಹೋದರೆ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಮನೆಯನ್ನು ಹರಾಜಿಗೆ ತರುತ್ತದೆ. ಒಂದು ವರ್ಷ ಮೀರಿದ ಲೀಸನ್ನು ನೋಂದಣಿ ಮಾಡಿಸದೆ ಛಾಪಾ ಕಾಗದದ ಮೇಲಷ್ಟೇ ಬರೆಸಿಕೊಂಡಿದ್ದರೆ ಬ್ಯಾಂಕಿನ ಮುಂದೆ ಆ ಕಾಗದ ನಿಲ್ಲುವುದು ಬಹಳ ಕಷ್ಟ. ಸಾಲ ವಸೂಲಾತಿ ನ್ಯಾಯಮಂಡಳಿಗೆ ಬಾಡಿಗೆದಾರನೂ ಅರ್ಜಿ ಹಾಕಲು 2016ರ ತಿದ್ದುಪಡಿಯಲ್ಲಿ ಅವಕಾಶವಿದೆ, ಆದರೆ ಅಲ್ಲೂ ಕೇಳುವುದು ಅದೇ ಕಾಗದವನ್ನು. ಲಕ್ಷಗಟ್ಟಲೆ ಎಣಿಸುವ ಮೊದಲು ಆ ಮನೆಯ ಋಣಭಾರ ಪ್ರಮಾಣಪತ್ರ (ಇ.ಸಿ.) ತೆಗೆಸಿ ನೋಡದವರು ಇನ್ನೊಬ್ಬರ ದಿವಾಳಿಯಲ್ಲಿ ಪಾಲುದಾರರಾಗುತ್ತಾರೆ.

ಮನೆ ಬಿಡುವ ದಿನ ಕರೆಂಟು ಮೀಟರಿನ ಫೋಟೋ, ಖಾಲಿ ಕೋಣೆಗಳ ಫೋಟೋ ತೆಗೆದಿಟ್ಟುಕೊಂಡು, ಕೀಲಿ ಒಪ್ಪಿಸಿದ್ದಕ್ಕೆ ಒಂದು ಸಾಲಿನ ಸಹಿ ಹಾಕಿಸಿಕೊಳ್ಳಿ. ಅಡ್ವಾನ್ಸ್ ನಗದಾಗಿ ಬೇಡ, ಖಾತೆಗೇ ಬರಲಿ. ಕೀಲಿ ಕೊಟ್ಟ ಮೇಲೂ ‘ಇವತ್ತು ನಾಳೆ’ ಎಂದು ಎಳೆದಾಡಿದರೆ ವಕೀಲರ ನೋಟಿಸು, ಅದಕ್ಕೂ ಬಗ್ಗದಿದ್ದರೆ ಮೂರು ವರ್ಷದೊಳಗೆ ದಾವೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ವರಮಾನ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ, ಉಳಿದವರಲ್ಲಿ ಹೆಚ್ಚಿನವರಿಗೆ ವರಮಾನದ ಮಿತಿಯುಂಟು. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಫೀಜೂ ವಾಪಸು ಬರುತ್ತದೆ.